ದೂರು ಕೊಡುವುದು ಹೇಗೆ: ನಂಬರು, ತಾರೀಖು, ಗಡುವು

ಮನೆ ಮುಂದೆ ಕೊಳಚೆ ಉಕ್ಕಿ ಹರಿಯುತ್ತಿದೆ. ಬೆಂಗಳೂರಿನ ಪಾಲಿಕೆ ಸಹಾಯವಾಣಿ 1533ಕ್ಕೆ ಫೋನ್ ಮಾಡುತ್ತೀರಿ, ದೂರು ಬರೆದುಕೊಳ್ಳುತ್ತಾರೆ, ಎರಡು ದಿನದ ಮೇಲೆ "ವಿಲೇವಾರಿ ಆಗಿದೆ" ಅಂತ ಮೆಸೇಜು ಬರುತ್ತದೆ. ಕೊಳಚೆ ಮಾತ್ರ ಹರಿಯುತ್ತಲೇ ಇದೆ. ಇಲ್ಲಿ ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ಮ್ಯಾನ್‌ಹೋಲ್‌ನಿಂದ ಉಕ್ಕುವ ಒಳಚರಂಡಿ ನೀರು ಜಲಮಂಡಳಿಯ ಬಾಬ್ತು, ರಸ್ತೆ ಬದಿಯ ಮಳೆನೀರು ಚರಂಡಿ ಪಾಲಿಕೆಯದು. ಪಾಲಿಕೆಯ ಸಿಬ್ಬಂದಿ "ನಮ್ಮ ವ್ಯಾಪ್ತಿಯಲ್ಲ" ಎಂದು ಬರೆದು ದೂರು ಮುಚ್ಚುತ್ತಾರೆ, ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು.

ಬೆಂಗಳೂರಿನಲ್ಲಿ ದೂರುಗಳು ಹೀಗೆ ತಪ್ಪು ಬಾಗಿಲು ತಟ್ಟಿಯೇ ಹೆಚ್ಚು ಕೆಡುತ್ತವೆ. ಬಾಗಿಲು ಸರಿಯಿದ್ದರೂ ಕೆಡುವುದಕ್ಕೆ ಕಾರಣ ಇನ್ನೊಂದಿದೆ: ನಂಬರು ಇಲ್ಲದಿರುವುದು. ಕೌಂಟರಿನಲ್ಲಿ ಹೇಳಿದ್ದು, ಲೈನ್‌ಮನ್‌ಗೆ ಹೇಳಿದ್ದು, ಟ್ವಿಟರ್‌ನಲ್ಲಿ ಬೈದದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿರಲಿ, ಬೆಸ್ಕಾಂ ಇರಲಿ, ಅಂಗಡಿಯಿರಲಿ, ನಿಮ್ಮ ದೂರಿಗೆ ಒಂದು ಸಂಖ್ಯೆ ಮತ್ತು ಒಂದು ತಾರೀಖು ಸಿಕ್ಕ ಮೇಲೆಯೇ ಕಾನೂನಿನ ಗಡುವು ಓಡಲು ಶುರುವಾಗುತ್ತದೆ. ಗಡುವು ಮುಗಿದ ಮೇಲೆಯೇ ಮೇಲಿನ ಮೆಟ್ಟಿಲು ಹತ್ತಲು ಬಿಡುತ್ತಾರೆ.

ಯಾರ ಬಾಗಿಲು

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದ್ದು ಎಂದು ಮೊದಲೇ ತಿಳಿದಿಟ್ಟುಕೊಳ್ಳಿ. ಹಳೆಯ ವಾರ್ಡ್ ಸಂಖ್ಯೆ ಬರೆದು ಕೊಟ್ಟ ಪತ್ರ ಟೇಬಲಿನಿಂದ ಟೇಬಲಿಗೆ ಅಲೆಯುವ ಸಂಭವ ಹೆಚ್ಚು.

ರಸ್ತೆ ಗುಂಡಿ, ಬೀದಿದೀಪ, ಮಳೆನೀರು ಚರಂಡಿ, ಬೀಳುವಂತಿರುವ ಮರ ಇವು ಪಾಲಿಕೆಯವು. ಬೀದಿದೀಪ ಕೆಟ್ಟರೆ ಬೆಸ್ಕಾಂಗೆ ಫೋನ್ ಮಾಡುವವರೇ ಜಾಸ್ತಿ, ದೀಪ ಪಾಲಿಕೆಯದು. ಕೊಂಬೆ ವೈರಿನ ಮೇಲೆ ಬಿದ್ದಿದ್ದರೆ ಮಾತ್ರ ಮೊದಲು ಬೆಸ್ಕಾಂ 1912, ಏಕೆಂದರೆ ಲೈನು ಆಫ್ ಆಗದೆ ಪಾಲಿಕೆಯವರು ಮರ ಮುಟ್ಟುವುದಿಲ್ಲ, ಮುಟ್ಟಲೂಬಾರದು. ನೀರು ಮತ್ತು ಒಳಚರಂಡಿಗೆ ಜಲಮಂಡಳಿಯ 1916. ಕಸಕ್ಕೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿಯೇ ಇದೆ. ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಿದ್ದರೆ ಸಂಚಾರ ಪೊಲೀಸರು. ಯಾವ ಇಲಾಖೆಯೆಂದೇ ಗೊತ್ತಾಗದಿದ್ದರೆ ಅಥವಾ ಗೊತ್ತಿರುವ ಇಲಾಖೆ ಕಿವಿಗೆ ಹಾಕಿಕೊಳ್ಳದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ, 1902.

ಜಾಗ ಹೇಳುವಾಗ "ನಮ್ಮ ಏರಿಯಾದಲ್ಲಿ" ಎನ್ನಬೇಡಿ. ಯಾವ ಮೇನ್, ಯಾವ ಕ್ರಾಸ್, ಯಾವ ಬ್ಲಾಕ್, ಎದುರಿಗೆ ಏನಿದೆ ಎಂದು ಹೇಳಿ. ಬೀದಿದೀಪವಾದರೆ ಕಂಬದ ಮೇಲೆ ಬರೆದ ಸಂಖ್ಯೆ, ಕರೆಂಟು ಅಥವಾ ನೀರಿನ ಬಿಲ್ಲಾದರೆ ಅದರ ಮೇಲಿರುವ ನಿಮ್ಮ ಸಂಪರ್ಕದ ಸಂಖ್ಯೆ, ಅಂದರೆ ಆರ್‌ಆರ್ ನಂಬರು. ಈ ಊರಿನಲ್ಲಿ 5ನೇ ಕ್ರಾಸ್ ಎಂಬುದು ಪ್ರತಿ ಬಡಾವಣೆಯಲ್ಲೂ ಒಂದಿದೆ. "ಸ್ಥಳ ಪತ್ತೆಯಾಗಿಲ್ಲ" ಎಂದು ದೂರು ಮುಚ್ಚಲು ನೀವೇ ದಾರಿ ಮಾಡಿಕೊಡಬಾರದು. ತಾರೀಖು ಕಾಣುವ ಫೋಟೋ ಎರಡು ಸಾಕು: ಒಂದು ಹತ್ತಿರದ್ದು, ಒಂದು ಅಕ್ಕಪಕ್ಕದ ಬೋರ್ಡು ಅಥವಾ ಕಟ್ಟಡ ಕಾಣುವಂಥದ್ದು.

ಕೆಲಸ ಆಗದೆಯೇ ದೂರು ಮುಚ್ಚಿದರೆ ಹೊಸದೊಂದು ದೂರು ಕೊಡುವುದು ತಪ್ಪು. ಹೊಸ ದೂರು ಎಂದರೆ ಹೊಸ ತಾರೀಖು, ಹಿಂದೆ ಕಾದ ದಿನಗಳೆಲ್ಲ ನೀರಿನಲ್ಲಿ ಹೋಮ. ಹಳೆಯ ನಂಬರನ್ನೇ ಮತ್ತೆ ತೆರೆಸಿ. ತೆರೆಯಲು ಒಪ್ಪದಿದ್ದರೆ ಹೊಸ ದೂರಿನ ಮೊದಲ ಸಾಲಿನಲ್ಲೇ ಹಳೆಯ ಸಂಖ್ಯೆ, ಅದನ್ನು ಮುಚ್ಚಿದ ತಾರೀಖು ಬರೆಯಿರಿ. ಸೋಷಿಯಲ್ ಮೀಡಿಯಾಕ್ಕೂ ಒಂದು ಉಪಯೋಗ ಉಂಟು, ಆದರೆ ಇಷ್ಟೇ: ದೂರಿನ ಸಂಖ್ಯೆ ಬರೆದು ಟ್ಯಾಗ್ ಮಾಡಿದರೆ ಕೆಲವೊಮ್ಮೆ ಬೇಗ ಚಲನೆ ಸಿಗುತ್ತದೆ. ಸಂಖ್ಯೆಯಿಲ್ಲದ ಪೋಸ್ಟಿಗೆ ಬರುವ ಮೊದಲ ಉತ್ತರವೇ "ದೂರಿನ ಸಂಖ್ಯೆ ಕಳಿಸಿ".

ಪತ್ರ

ಬರಹದ ದೂರು ಒಂದು ಪುಟ ದಾಟಬಾರದು. ಎಷ್ಟು ನೋವಾಯಿತು ಎಂಬುದಕ್ಕೆ ಪುಟಗಟ್ಟಲೆ ಬರೆದು, ಏನು ಬೇಕು ಎಂಬುದನ್ನೇ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ನಮ್ಮ ಕಚೇರಿಗಳಿಗೆ ಒಗ್ಗಿದ "ವಿಷಯ", "ಉಲ್ಲೇಖ"ದ ನಮೂನೆಯನ್ನು ನೋಡಿ ನಗುವವರುಂಟು, ಆದರೆ ಅದು ಕೆಲಸಕ್ಕೆ ಬರುವ ನಮೂನೆ. ಟಪಾಲು ನೋಡುವವರು ಪತ್ರವನ್ನು ಯಾರ ಟೇಬಲಿಗೆ ಹಾಕಬೇಕೆಂದು ಆ ಎರಡು ಸಾಲು ಓದಿಯೇ ತೀರ್ಮಾನಿಸುತ್ತಾರೆ.

ವಿಷಯ: ಆರ್‌ಆರ್ ಸಂಖ್ಯೆ ಇಂಥದ್ದರ ಮೇ ತಿಂಗಳ ಬಿಲ್ಲಿನಲ್ಲಿ ತಪ್ಪು ರೀಡಿಂಗ್, ಸರಿಪಡಿಸಿ ಕೊಡುವ ಬಗ್ಗೆ.
ಉಲ್ಲೇಖ: 1912ರಲ್ಲಿ ದಾಖಲಾದ ದೂರು ಸಂಖ್ಯೆ ಮತ್ತು ದಿನಾಂಕ.
ಬಿಲ್ಲಿನಲ್ಲಿ ರೀಡಿಂಗ್ 4,862 ಎಂದಿದೆ. ಅದೇ ದಿನ ಮೀಟರಿನಲ್ಲಿ 4,362 ಇತ್ತು, ಫೋಟೋ ಲಗತ್ತಿಸಿದೆ. ವ್ಯತ್ಯಾಸ 500 ಯೂನಿಟ್. ಬಿಲ್ಲನ್ನು ತಿದ್ದಿ ಕೊಡಬೇಕು. 15 ದಿನಗಳೊಳಗೆ ತಿದ್ದುಪಡಿ ಅಥವಾ ಲಿಖಿತ ಹಿಂಬರಹ ಕೊಡಬೇಕೆಂದು ಕೋರಿಕೆ.

ಇಷ್ಟೇ. ಕೊನೆಯ ಸಾಲಿನ "ಹಿಂಬರಹ"ವನ್ನು, ಅಂದರೆ ಕಚೇರಿ ಬರೆದುಕೊಡುವ ಉತ್ತರವನ್ನು, ಮರೆಯಬೇಡಿ. ಬಾಯಿಮಾತಿನ "ಆಗಲ್ಲ" ಎನ್ನುವುದರ ಮೇಲೆ ಮೇಲ್ಮನವಿ ಹೋಗುವುದು ಕಷ್ಟ, ಸಹಿ ಮಾಡಿದ ಹಿಂಬರಹದ ಮೇಲೆ ಹೋಗಬಹುದು. ಇದು ಕೇಸ್ ವರ್ಕರ್‌ಗೂ ಚೆನ್ನಾಗಿ ಗೊತ್ತಿರುವುದರಿಂದ, ಹಿಂಬರಹ ಕೇಳಿದ ಕೂಡಲೇ "ಬಿಡಿ ನೋಡೋಣ" ಎಂಬ ಮಾತು ಬರುವುದೂ ಉಂಟು.

ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲದೆ ಹತ್ತಿರದ ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಹಾಗಾಗಿ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಕೇಳಿ. ರಸೀದಿಯ ಜೊತೆ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟನ್ನೂ ತೆಗೆದಿಡಿ. ಅಂಚೆ ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಚೀಟಿಯಾಗುತ್ತದೆ, ಅಂದೇ ಫೋಟೋ ತೆಗೆಯಿರಿ. ಎಟಿಎಂ ಚೀಟಿ, ಅಂಗಡಿ ಬಿಲ್ಲಿಗೂ ಇದೇ ಮಾತು.

ಕರೆಂಟು ಬಿಲ್ಲಿನ ತಕರಾರಿಗೆ ಇನ್ನೊಂದು ಭಯ ಅಂಟಿಕೊಂಡಿರುತ್ತದೆ: ಕಟ್ಟದಿದ್ದರೆ ಫ್ಯೂಸು ಕೀಳುತ್ತಾರೆ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಇದಕ್ಕೆ ದಾರಿ ತೋರಿಸಿದೆ. ಸಂಪರ್ಕ ಕಡಿಯುವ ಮೊದಲು 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ತಕರಾರು ಇರುವವರು ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು "ಆಕ್ಷೇಪಣೆಯೊಂದಿಗೆ" ಎಂದು ಬರೆದುಕೊಟ್ಟು ಕಟ್ಟಿದರೆ, ವಿವಾದ ಮುಗಿಯುವವರೆಗೆ ಕಡಿಯುವಂತಿಲ್ಲ. ಆಮೇಲೆ ಬೆಸ್ಕಾಂ ಉಪವಿಭಾಗದ ಎಇಇಯಿಂದ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್.

ಸಕಾಲ, ಆರ್‌ಟಿಐ

ದೂರು ಬೇರೆ, ಅರ್ಜಿ ಬೇರೆ. ಜಾತಿ ಪ್ರಮಾಣಪತ್ರ, ಆಸ್ತಿಯ ಖಾತೆ, ಜನನ ಪ್ರಮಾಣಪತ್ರದಂಥ ಸೇವೆಗೆ ಅರ್ಜಿ ಹಾಕಿ ಕಾಯುತ್ತಿದ್ದರೆ ನಿಮ್ಮ ಆಯುಧ ಸಕಾಲ, ಸರ್ಕಾರಿ ಸೇವೆಗೆ ಗಡುವು ಹಾಕಿದ ರಾಜ್ಯದ ಕಾನೂನು. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಚೀಟಿ ಸಿಗಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ನೋಡಿದರೆ ಒಂದು ಹೊತ್ತಿನ ಊಟದ ಖರ್ಚು. ಆದರೆ ಅದನ್ನು ತಡ ಮಾಡಿದ ಅಧಿಕಾರಿಯ ಸಂಬಳದಿಂದ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ, ಕೆಲಸ ಮಾಡಿಸುವುದು ಆ ಹೆದರಿಕೆಯೇ.

ಇಲ್ಲಿ ಆಟ ನಡೆಯುವುದು ಎರಡು ಕಡೆ. "ಮೊದಲು ಕಾಗದ ಪತ್ರ ಕೊಟ್ಟು ಹೋಗಿ, ಸಂಖ್ಯೆ ಆಮೇಲೆ ಕೊಡುತ್ತೇವೆ" ಎನ್ನುವುದು ಒಂದು: ಸಂಖ್ಯೆ ಬೀಳುವವರೆಗೆ ಗಡುವೇ ಇಲ್ಲ. ಗಡುವಿನ ಕೊನೆಯ ದಿನ "ದಾಖಲೆ ಸಾಲದು" ಎಂದು ತಿರಸ್ಕರಿಸಿ, ಮತ್ತೆ ಹೊಸ ಅರ್ಜಿ ಹಾಕಿಸುವುದು ಇನ್ನೊಂದು. ಅದಕ್ಕೇ ಅರ್ಜಿ ಕೊಡುವ ದಿನವೇ ಲಗತ್ತುಗಳ ಪಟ್ಟಿ ಬರೆದು, ಆ ಪಟ್ಟಿಯ ಪ್ರತಿಗೂ ಸೀಲು ಹಾಕಿಸಿಕೊಳ್ಳಬೇಕು. ತಿರಸ್ಕಾರವಾದರೆ ಮೊದಲ ಮೇಲ್ಮನವಿ ಹಾಕಿ. ತಕ್ಷಣ ಹೊಸ ಅರ್ಜಿಗೆ ಇಳಿದರೆ ಹಳೆಯ ದಿನಗಳು ಹೋದ ಹಾಗೆಯೇ.

ಇಷ್ಟಾದರೂ ಕಡತ ಅಲುಗದಿದ್ದರೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗಬಹುದು, ರಾಜ್ಯದ ಆನ್‌ಲೈನ್ ಪೋರ್ಟಲ್ ಕೂಡ ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. "ಯಾಕೆ ತಡ ಮಾಡಿದ್ದೀರಿ?" ಎಂದು ಕೇಳಬೇಡಿ. ಕಚೇರಿಯಲ್ಲಿರುವ ದಾಖಲೆ ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ, ಕಾರಣ ಹೇಳುವುದಲ್ಲ. ಹೀಗೆ ಕೇಳಿ: "ಇಂಥ ಸಂಖ್ಯೆಯ ಅರ್ಜಿಯ ಮೇಲೆ ಇದುವರೆಗೆ ಕೈಗೊಂಡ ಕ್ರಮದ ದಿನವಹಿ ವಿವರ, ಅರ್ಜಿ ಯಾವ ಯಾವ ತಾರೀಖಿನಂದು ಯಾವ ಹುದ್ದೆಯವರ ಬಳಿ ಇತ್ತು ಎಂಬ ವಿವರ, ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ." ಉತ್ತರಕ್ಕೆ 30 ದಿನ. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗ. ಎಷ್ಟೋ ಕಡತಗಳು ಉತ್ತರ ಬರುವ ಮೊದಲೇ ಅಲುಗುತ್ತವೆ, ಏಕೆಂದರೆ ದಿನವಹಿ ವಿವರ ಬರೆಯಬೇಕಾದವರ ಮೇಜಿನಲ್ಲೇ ಅದು ಕೂತಿರುತ್ತದೆ.

ಯುಪಿಐ ದುಡ್ಡು

ಖಾತೆಯಿಂದ ಹಣ ಹೋಯಿತು, ಅಂಗಡಿಯವರ ಸೌಂಡ್‌ಬಾಕ್ಸ್ ಕೂಗಲಿಲ್ಲ. ಅವಸರದಲ್ಲಿ ಎರಡನೇ ಸಲ ಸ್ಕ್ಯಾನ್ ಮಾಡುವ ಮೊದಲು ಆ್ಯಪಿನಲ್ಲಿ ವಹಿವಾಟಿನ ಸ್ಥಿತಿ ನೋಡಿ. "ಪೆಂಡಿಂಗ್" ಎಂದಿದ್ದರೆ ಹಣ ಅಂಗಡಿಯವರಿಗೆ ತಲುಪಲೂಬಹುದು, ನಿಮಗೆ ವಾಪಸು ಬರಲೂಬಹುದು. 12 ಅಂಕಿಯ ಯುಟಿಆರ್ ಅಥವಾ ಆರ್‌ಆರ್‌ಎನ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ಬೇಕಾದದ್ದು ಅದು. ಆ್ಯಪು ಕೊಡುವ ಉದ್ದನೆಯ ಅಕ್ಷರಮಾಲೆ ಕೊಟ್ಟರೆ ಶಾಖೆಯಲ್ಲಿ ಹುಡುಕುತ್ತಾ ಕೂರುತ್ತಾರೆ.

ಗಡುವುಗಳು 2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆಯಲ್ಲಿವೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಆ ಕಡೆ ಜಮಾ ಆಗದಿದ್ದರೆ ವಹಿವಾಟಿನ ಮರುದಿನದೊಳಗೆ ವಾಪಸು ಬರಬೇಕು. ಅಂಗಡಿಗೆ ಕಟ್ಟಿದ್ದು ಅವರಿಗೆ ಖಚಿತವಾಗದಿದ್ದರೆ 5 ದಿನದೊಳಗೆ. ಎಟಿಎಂನಲ್ಲಿ ನೋಟು ಬಾರದೆ ಖಾತೆ ಕಡಿತವಾದರೂ 5 ದಿನ. ಇವು ಕ್ಯಾಲೆಂಡರ್ ದಿನಗಳು, ಎರಡನೇ ಶನಿವಾರವೂ ಲೆಕ್ಕಕ್ಕೆ ಬರುತ್ತದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನು ಗ್ರಾಹಕ ಕೇಳದೆಯೇ ಬ್ಯಾಂಕು ಜಮಾ ಮಾಡಬೇಕು. ಮಾಡದಿದ್ದರೆ ಸುತ್ತೋಲೆಯ ತಾರೀಖು ಬರೆದು ಕೇಳಿ. ತಾರೀಖು ಬರೆದ ಪತ್ರವನ್ನು ಶಾಖೆಯವರು ಬೇರೆ ಕಣ್ಣಿನಿಂದ ನೋಡುತ್ತಾರೆ.

ಈ ನಿಯಮ ವಿಫಲವಾದ ವಹಿವಾಟಿಗೆ ಮಾತ್ರ. ನೀವೇ ತಪ್ಪು ನಂಬರಿಗೆ ಕಳಿಸಿದ್ದರೆ ಅದು ಯಶಸ್ವಿ ವಹಿವಾಟು. ಪಡೆದವರ ಒಪ್ಪಿಗೆಯಿಲ್ಲದೆ ಬ್ಯಾಂಕು ಹಣ ಹಿಂದಕ್ಕೆ ಎಳೆಯುವುದಿಲ್ಲ. ಆದರೂ ಅಂದೇ ಬ್ಯಾಂಕಿಗೆ ಬರೆದು ನಂಬರು ಪಡೆಯಿರಿ.

ಮೋಸ ಹೋಗಿದ್ದರೆ ಬ್ಯಾಂಕಿಗೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಜಿಗಿಯುತ್ತದೆ, ಜಿಗಿಯುವ ಮೊದಲು ಸಿಕ್ಕರೆ ತಡೆಹಿಡಿಯಬಹುದು. ಫೋನ್ ಮಾಡುವಾಗ ಖಾತೆ ಸಂಖ್ಯೆ, ಆ 12 ಅಂಕಿ, ಮೊತ್ತ, ಹೊತ್ತು ಕೈಯಲ್ಲಿರಲಿ. 1930ರ ನಂಬರು ಗೂಗಲ್‌ನಲ್ಲಿ ಹುಡುಕಬೇಡಿ, ಇಲ್ಲೇ ಇದೆ. ಬ್ಯಾಂಕಿನ "ಕಸ್ಟಮರ್ ಕೇರ್" ನಂಬರನ್ನೂ ಹುಡುಕಾಟದಿಂದ ತೆಗೆಯದೆ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಒಮ್ಮೆ ಮೋಸ ಹೋದವರನ್ನು ಎರಡನೇ ಸಲ ಹಿಡಿಯುವುದು ಇಂಥ ನಕಲಿ ನಂಬರುಗಳಿಂದಲೇ.

ಬ್ಯಾಂಕಿಗೆ ಬರೆದು 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸಮಾಧಾನ ತಂದಿಲ್ಲ ಎಂದರೆ ಆರ್‌ಬಿಐ ಒಂಬುಡ್ಸ್‌ಮನ್. ಆರ್‌ಬಿಐನ ದೂರು ತಾಣವಾದ ಸಿಎಂಎಸ್ ಪೋರ್ಟಲಿನಲ್ಲಿ ದೂರು ಹಾಕಬಹುದು, ಮಾಹಿತಿಗೆ 14448, ಶುಲ್ಕವಿಲ್ಲ. ಬ್ಯಾಂಕಿಗೆ ದೂರು ಕೊಡದೆ ನೇರವಾಗಿ ಹೋದರೆ ದೂರು ಅಲ್ಲೇ ಬಿದ್ದುಹೋಗುತ್ತದೆ. ವಕೀಲರ ಮೂಲಕ ಹಾಕಿದರೂ ಅಷ್ಟೆ, ನೀವೇ ಹಾಕಬೇಕು.

ಅಂಗಡಿ, ಆನ್‌ಲೈನ್

ಆನ್‌ಲೈನ್ ಖರೀದಿಯಲ್ಲಿ ಚಾಟ್ ಕಿಟಕಿಯ ಜೊತೆ ಮಾತಾಡಿ ದಿನ ಕಳೆಯಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಿರಬೇಕು. ಪುಟದ ತೀರಾ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಅವರು 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಚಾಟ್‌ನಲ್ಲಿ ಆದ ಮಾತುಕತೆಯ ಸ್ಕ್ರೀನ್‌ಶಾಟ್ ಕೂಡಲೇ ತೆಗೆಯಿರಿ, ಕಿಟಕಿ ಮುಚ್ಚಿದರೆ ಮತ್ತೆ ಸಿಗುತ್ತದೆಂಬ ಭರವಸೆಯಿಲ್ಲ. ಬೆಲೆಬಾಳುವ ವಸ್ತುವಾದರೆ ಪೆಟ್ಟಿಗೆ ಒಡೆಯುವಾಗ ನಿಲ್ಲಿಸದೆ ವಿಡಿಯೋ ಮಾಡಿ, ಮೊದಲು ವಿಳಾಸದ ಚೀಟಿ ಕಾಣಬೇಕು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇದು ಕೋರ್ಟಲ್ಲ, ಯಾರಿಗೂ ಆದೇಶ ಕೊಡುವ ಅಧಿಕಾರ ಇದಕ್ಕಿಲ್ಲ. ಕಂಪನಿಗೆ ದೂರು ತಲುಪಿಸಿ ಉತ್ತರ ತರಿಸುತ್ತದೆ. ದೊಡ್ಡ ಕಂಪನಿಗಳ ವಿಷಯದಲ್ಲಿ ಇಷ್ಟೇ ಸಾಕಾಗುವುದುಂಟು. ಗಲ್ಲಿ ಕೊನೆಯ ರಿಪೇರಿ ಅಂಗಡಿಯ ವಿಷಯದಲ್ಲಿ ನಿರೀಕ್ಷೆ ಬೇಡ. ಎಂಆರ್‌ಪಿಗಿಂತ ಹೆಚ್ಚು ಕಿತ್ತರೆ ಕಾನೂನು ಮಾಪನ ಇಲಾಖೆ, ಆದರೆ ಬಿಲ್ಲು ಬೇಕೇ ಬೇಕು. ಹೋಟೆಲಿನ ಬಿಲ್ಲಿಗೆ ತಾನಾಗಿ ಸೇರಿಸುವ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ: 2022ರ ಜುಲೈ 4ರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಎಂದು ಮೆತ್ತಗೆ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ.

ಗ್ರಾಹಕ ಆಯೋಗ

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು ಎಂಬುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. ಲೆಕ್ಕ ಹಾಕುವುದು ಕೊಟ್ಟ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 22,000 ರೂಪಾಯಿ ಫ್ರಿಜ್ಜಿಗೆ ಒಂದು ಲಕ್ಷ ಪರಿಹಾರ ಕೇಳಿದರೂ ಬೆಲೆ 22,000ವೇ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, ಅಲ್ಲಿಂದ 50 ಲಕ್ಷದವರೆಗೆ 1,000. ವಕೀಲರು ಕಡ್ಡಾಯವಲ್ಲ.

ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. "ನಾಳೆ ಬದಲಿಸಿಕೊಡುತ್ತೇವೆ" ಎಂದು ಹೇಳುತ್ತಾ ದಿನ ತಳ್ಳುವವರನ್ನು ನಂಬಿ ಈ ಎರಡು ವರ್ಷ ಕಳೆದುಕೊಂಡವರು ಬಹಳ. ತಡಕ್ಕೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಅದು ಆಯೋಗದ ಮರ್ಜಿ.

ಮೊದಲು ಎದುರುದಾರರಿಗೆ 15 ದಿನದ ನೋಟಿಸ್ ಕಳಿಸಿ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲವಾದರೂ, ನೀವು ರಾಜಿಗೆ ಬಾಗಿಲು ತೆರೆದಿಟ್ಟಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ ಇ-ಜಾಗೃತಿ ಪೋರ್ಟಲಿನಲ್ಲಿ ಅಥವಾ ಆಯೋಗದ ಕಚೇರಿಯಲ್ಲಿ ದೂರು. ಘಟನೆಗಳನ್ನು ತಾರೀಖಿನ ಕ್ರಮದಲ್ಲಿ, ಪ್ಯಾರಾಗಳಿಗೆ ಅಂಕಿ ಹಾಕಿ ಬರೆಯಿರಿ. ಪ್ರತಿ ದಾಖಲೆಗೂ ಒಂದು ಸಂಖ್ಯೆ ಕೊಟ್ಟು, ಪ್ಯಾರಾದಲ್ಲಿ ಆ ಸಂಖ್ಯೆಯನ್ನು ನಮೂದಿಸಿ. ಜೊತೆಗೆ ಅಫಿಡವಿಟ್. ವಾಟ್ಸ್‌ಆ್ಯಪ್, ಇಮೇಲ್, ಸ್ಕ್ರೀನ್‌ಶಾಟ್ ಲಗತ್ತಿಸುವುದಾದರೆ ಇಂಥ ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಸೇರಿಸಿಬಿಡಿ, ಮುಂದೆ ಎದುರಿನ ವಕೀಲರು ಎತ್ತುವ ಒಂದು ತಕರಾರು ಕಡಿಮೆಯಾಗುತ್ತದೆ.

ಎದುರುದಾರರನ್ನು ಹೆಸರಿಸುವಲ್ಲಿ ಬಹಳ ಮಂದಿ ಎಡವುತ್ತಾರೆ. ಅಂಗಡಿಯ ಬೋರ್ಡಿನ ಮೇಲಿರುವ ಹೆಸರು ಬೇರೆ, ಬಿಲ್ಲಿನ ಮೇಲಿರುವ ಸಂಸ್ಥೆ ಬೇರೆ ಇರುತ್ತದೆ. ಬಿಲ್ಲಿನಲ್ಲಿರುವ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯ ಪ್ರಕಾರ ಬರೆಯಿರಿ. ಮಾರಿದವರು, ತಯಾರಿಸಿದವರು, ಆನ್‌ಲೈನ್ ಆಗಿದ್ದರೆ ತಾಣದವರು, ಮೂವರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ಬಿಟ್ಟವರ ಕಡೆಗೇ ಬೆರಳು ತೋರಿಸುತ್ತಾರೆ. ಕೋರಿಕೆಯಲ್ಲಿ ಬೆಲೆ ವಾಪಸು, ಅದಕ್ಕೆ ಬಡ್ಡಿ, ಪರಿಹಾರ, ಖರ್ಚು ಎಂದು ಬೇರೆಬೇರೆಯಾಗಿ ಮೊತ್ತ ಹಾಕಿ.

ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಸಲ್ಲಿಸಲು 30 ದಿನ, ಆಯೋಗ ಮನಸ್ಸು ಮಾಡಿದರೆ ಇನ್ನು 15. 45 ದಿನ ದಾಟಿದರೆ ಸಮಯ ಕೊಡಲು ಆಯೋಗಕ್ಕೇ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹೇಳಿದೆ. ಆದ್ದರಿಂದ ನೋಟಿಸ್ ತಲುಪಿದ ತಾರೀಖನ್ನು ದಾಖಲೆಯಿಂದ ಬರೆದುಕೊಳ್ಳಿ, 46ನೇ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಂದಿನ ವಿಚಾರಣೆಯಲ್ಲಿ ಎದ್ದು ನಿಂತು ಆ ತಾರೀಖು ಹೇಳಿ. ವಕೀಲರಿಲ್ಲದ ದೂರುದಾರ ಇದನ್ನು ಹೇಳಬಹುದೆಂದು ಎದುರಿನವರು ಎಣಿಸಿರುವುದಿಲ್ಲ.

ಕಾಯ್ದೆಯಲ್ಲಿ ಮೂರು ತಿಂಗಳು, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳು ಎಂದಿದೆ. ನಿಜದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಅದಕ್ಕೆ ತಯಾರಾಗಿಯೇ ಹೋಗಿ. ಒಂದು ವಿಚಾರಣೆಗೂ ತಪ್ಪಿಸಿಕೊಳ್ಳಬೇಡಿ, ದೂರುದಾರ ಬಾರದಿದ್ದರೆ ದೂರು ವಜಾ ಆಗಬಹುದು.

ಆದೇಶ ನಿಮ್ಮ ಪರವಾಗಿ ಬಂದರೆ ಎದುರಿನವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಟ್ಟು ಹೋಗಬೇಕು. ಮೇಲ್ಮನವಿಯನ್ನೂ ಹಾಕದೆ, ಹಣವನ್ನೂ ಕೊಡದೆ ಕೂತರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. 71ನೇ ಕಲಮು ಹಣ ವಸೂಲಿಗೆ. 72ನೇ ಕಲಮು ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಎರಡು ಕಲಮಿಗೂ ಪ್ರತ್ಯೇಕ ಅರ್ಜಿ ಹಾಕಿ, ಜೊತೆಗೆ ಆದೇಶದ ದೃಢೀಕೃತ ಪ್ರತಿ ಮತ್ತು ಅದು ಎದುರಿನವರಿಗೆ ತಲುಪಿದ ಸ್ಪೀಡ್ ಪೋಸ್ಟ್ ಪುರಾವೆ ಇರಲಿ.